ನೀಲಿ ಬಿದ್ದ ಮೇಲೆ ಗೋಲು

ಪಕ್ಕದ ಮನೆಯ ಹುಡುಗಿ ಬಾಣಂತನಕ್ಕೆ ತಾಯಿಯ ಮನೆಗೆ ಬಂದಿದ್ದಾಳೆ. ಬೆಳಗಿನ ಬಿಸಿಲು ಅಂಗಳಕ್ಕೆ ಇಳಿಯುವ ಹೊತ್ತಿಗೆ ಅವಳ ತಾಯಿ ಕೂಸಿನ ನೆತ್ತಿಗೆಂದು ಹರಳೆಣ್ಣೆ ಬಿಸಿ ಮಾಡುತ್ತಾರೆ. ತುಮಕೂರಿನ ಈ ಬಡಾವಣೆಯಲ್ಲಿ ಎರಡು ಮನೆಗಳ ನಡುವೆ ಮೂರಡಿ ಜಾಗವೂ ಇಲ್ಲ, ಆ ವಾಸನೆ ನೇರವಾಗಿ ನನ್ನ ಅಡುಗೆಮನೆಗೆ ಬರುತ್ತದೆ. ದಪ್ಪನೆಯ, ಜಿಡ್ಡಿನ, ತುಸು ಸುಟ್ಟಂಥ ವಾಸನೆ. ಹರಳೆಣ್ಣೆ ಅಂದರೆ ಯಾರಿಗಾದರೂ ಎಳೆಗೂಸು, ಎಣ್ಣೆನೀರು, ಕಣ್ಣುರಿ ನೆನಪಾಗಬೇಕು. ನನಗೆ ನೆನಪಾಗುವುದು ಒಂದು ಚೆಂಡು. ನಮ್ಮಜ್ಜಿ ದೇವರಮನೆಯ ಮೂಲೆಯಲ್ಲಿ ಮೊರಕ್ಕೆ ರಾಗಿ ಹೊಟ್ಟು ಹರಡಿ, ಅದರ ಮೇಲೆ ಆ ತೊಗಲಿನ ಚೆಂಡನ್ನು ಕೂರಿಸಿ, ಬಿಸಿ ಹರಳೆಣ್ಣೆಯನ್ನು ಅಂಗೈಗೆ ಸುರಿದುಕೊಂಡು, ಹೊಲಿಗೆಗಳ ಗುಂಟ ಹೆಬ್ಬೆರಳು ಒತ್ತುತ್ತಿದ್ದಳು. ಚೆಂಡಿನ ಬಾಯಿಗೆ ಲೇಸು ಬಿಗಿದಿರುತ್ತಿತ್ತು. ಆ ಜಾಗ ಬಂದಾಗ ಮಾತ್ರ ಅವಳ ಬೆರಳು ಹಗುರವಾಗುತ್ತಿತ್ತು, ಕೂಸಿನ ನೆತ್ತಿಯ ಮೆತ್ತನೆಯ ಜಾಗ ಮುಟ್ಟುವಂತೆ ಎಂದು ಬರೆಯಹೊರಟೆ. ಆದರೆ ಆಗ ನನಗೆ ಹಾಗೆ ಅನ್ನಿಸಿರಲಾರದು. ಹತ್ತು ವರ್ಷದ ಹುಡುಗಿಗೆ ನೆತ್ತಿಯ ಮೆತ್ತನೆ ಏನು ಗೊತ್ತು? ಈ ಹೋಲಿಕೆ ಇವತ್ತಿನದು, ಪಕ್ಕದ ಮನೆಯಿಂದ ಬಂದದ್ದು. ನೆನಪು ಸದ್ದಿಲ್ಲದೆ ಬೇರೆಯವರ ಮನೆಯ ಸಾಮಾನು ಎತ್ತಿ ತಂದು ತನ್ನದೆಂದು ಇಟ್ಟುಕೊಳ್ಳುತ್ತದೆ. ಇದನ್ನು ಮನಸ್ಸಿನಲ್ಲಿಟ್ಟುಕೊಂಡೇ ನೀವು ಮುಂದಕ್ಕೆ ಬನ್ನಿ.

ನಮ್ಮ ಮನೆ ಮಧುಗಿರಿಯ ಸಂತೆಪೇಟೆಯಲ್ಲಿತ್ತು. ಮುಂದೆ ಅಪ್ಪನ ಗೋಣಿಚೀಲದ ಅಂಗಡಿ, ನಡುವೆ ನಾವು, ಹಿಂದೆ ಚೀಲ ಒಟ್ಟುವ ಗೋದಾಮು. ಗೋದಾಮಿನ ಮಾಳಿಗೆ ಆಟದ ಬಯಲಿಗೆ ಮುಖ ಮಾಡಿತ್ತು. ಬಯಲಿನ ಆಚೆ ತುದಿಗೆ ಕೋಟೆಬೀದಿ. ಎರಡರ ತಲೆಯ ಮೇಲೂ ಒಂದೇ ಕಲ್ಲಿನ ಬೆಟ್ಟ. ಮಧುಗಿರಿಯಲ್ಲಿ ಹುಟ್ಟಿದವರು ಆ ಬೆಟ್ಟವನ್ನು ನೋಡುವುದಿಲ್ಲ, ಅದರ ನೆರಳು ಎಲ್ಲಿಗೆ ಬಂತೆಂದು ಮಾತ್ರ ನೋಡುತ್ತಾರೆ. ಸಂತೆಪೇಟೆಗೂ ಕೋಟೆಬೀದಿಗೂ ಫುಟ್‌ಬಾಲಿನ ಹಟ ಹೇಗೆ ಬಂತೋ ಯಾರಿಗೂ ಗೊತ್ತಿರಲಿಲ್ಲ. ಕೇಳಿದರೆ ಒಬ್ಬೊಬ್ಬರು ಒಂದೊಂದು ಕಥೆ ಹೇಳುತ್ತಿದ್ದರು, ಯಾವ ಕಥೆಯಲ್ಲಿಯೂ ತಮ್ಮ ಕಡೆಯವರದು ತಪ್ಪಿರುತ್ತಿರಲಿಲ್ಲ. ಜಾತಿ ಧರ್ಮದ ಲೆಕ್ಕ ಅಲ್ಲಿ ನಡೆಯುತ್ತಿರಲಿಲ್ಲ. ಸಂತೆಪೇಟೆಯ ನೀಲಿ ಬನಿಯನ್ನಿನೊಳಗೆ ವಿಭೂತಿಯವರೂ ಇದ್ದರು, ಸಾಬರೂ ಇದ್ದರು. ಕೋಟೆಬೀದಿಯ ಹಳದಿಯೊಳಗೂ ಅಷ್ಟೆ. ಯಾವ ಬೀದಿಯಲ್ಲಿ ಹೊಕ್ಕುಳು ಬಿತ್ತೋ ಆ ಬಣ್ಣ. ವರ್ಷಕ್ಕೆ ಒಂದೇ ಆಟ, ಸಂಕ್ರಾಂತಿಯ ಮೂರನೆಯ ದಿನ. ಮಿಕ್ಕ ದಿನಗಳಲ್ಲಿ ಎರಡೂ ಬೀದಿಯವರು ಒಬ್ಬರಿಗೊಬ್ಬರು ಕಡಲೆಕಾಯಿ ಮಾರಿಕೊಂಡು, ಹೆಣ್ಣು ಕೊಟ್ಟು ತಂದುಕೊಂಡು ಬದುಕುತ್ತಿದ್ದರು.

ಹೆಣ್ಣು ತಂದುಕೊಳ್ಳುವುದರಲ್ಲೇ ತೊಡಕಿತ್ತು. ಆಟದ ದಿನ ಬೆಳಿಗ್ಗೆ ಎಣ್ಣೆ ತಿಕ್ಕಿದ ಚೆಂಡು ನಮ್ಮ ದೇವರಮನೆಯಲ್ಲಿ ಇರಬೇಕು, ಅದು ಅಜ್ಜಿ ಮದುವೆಯಾಗಿ ಬರುವ ಮೊದಲಿನಿಂದ ನಡೆದು ಬಂದದ್ದು. ಚೆಂಡಿರುವ ಮನೆಯಲ್ಲಿ ಎದುರಾಳಿಯ ಉಸಿರು ಆಡಬಾರದು, ಆಡಿದರೆ ಗಾಳಿ ಇಳಿಯುತ್ತದೆ ಎಂಬುದು ನಂಬಿಕೆ. ಹಾಗಾಗಿ ಕೋಟೆಬೀದಿಯಿಂದ ಬಂದ ಸೊಸೆಯರನ್ನೆಲ್ಲ ಆ ಬೆಳಿಗ್ಗೆ ತವರಿಗೆ ಕಳಿಸುತ್ತಿದ್ದರು. ಸುಮ್ಮನೆ ಅಲ್ಲ, ಮಡಿಲು ತುಂಬಿ, ರವಿಕೆಕಣ ಕೊಟ್ಟು, ಕೈಗೊಂದು ಖಾಲಿ ಹಿತ್ತಾಳೆ ತಂಬಿಗೆ ಕೊಟ್ಟು. ಆ ಕಡೆಯವರೂ ನಮ್ಮ ಬೀದಿಯ ಹೆಣ್ಣುಮಕ್ಕಳನ್ನು ಹಾಗೆಯೇ ಕಳಿಸುತ್ತಿದ್ದರು. ಬಯಲಿನ ಅಂಚಿನ ದಾರಿಯಲ್ಲಿ ಇವರು ಹೋಗುವಾಗ ಅವರು ಎದುರು ಬರುವುದು, ತಂಬಿಗೆ ಎತ್ತಿ ತೋರಿಸಿ ಅಣಕಿಸಿಕೊಳ್ಳುವುದು. ಮರುದಿನ ಬೆಳಿಗ್ಗೆ ಎಲ್ಲರೂ ಗಂಡನ ಮನೆಗೆ ಮರಳಬೇಕು. ತವರು ಗೆದ್ದಿದ್ದರೆ ತಂಬಿಗೆಯಲ್ಲಿ ಪಾಯಸ. ಸೋತಿದ್ದರೆ ಉಪ್ಪು ಬೆರೆಸಿದ ಹುಣಸೆಹಣ್ಣು. ಹುಣಸೆಹಣ್ಣು ಬಂದರೆ ಗೆದ್ದ ಮನೆಯವರು ಒಬ್ಬೊಬ್ಬರೂ ಒಂದು ಚಿಟಿಕೆ ಬಾಯಿಗೆ ಹಾಕಿಕೊಂಡು ಮುಖ ಕಿವುಚದೆ ನುಂಗಬೇಕು. ಕಿವುಚಿದರೆ ಗೆಲುವು ದಕ್ಕಲಿಲ್ಲವೆಂದು ಅರ್ಥ. ಸೊಸೆ ಎದುರಿಗೆ ಸೊಂಟಕ್ಕೆ ಕೈಯಿಟ್ಟು ನಿಂತು ಮುಖಗಳನ್ನೇ ನೋಡುತ್ತಿರುತ್ತಿದ್ದಳು. ವರ್ಷವಿಡೀ ತಲೆತಗ್ಗಿಸಿದವಳಿಗೆ ಅದೊಂದು ಬೆಳಿಗ್ಗೆ ಆ ಅಧಿಕಾರ.

ಅಮ್ಮ ಕೋಟೆಬೀದಿಯವಳು. ಶಾರದಮ್ಮ. ಅವಳ ತಮ್ಮ ಬಸಣ್ಣಮಾವ ಕೋಟೆಬೀದಿಯ ಗೋಲಿ, ಗೋಲು ಕಾಯುವವನು. ನನ್ನ ಚಿಕ್ಕಪ್ಪ ರುದ್ರೇಶ ಸಂತೆಪೇಟೆಯ ಮುಂಚೂಣಿ ಆಟಗಾರ, ಎಡಗಾಲಿನವನು. ಇಬ್ಬರೂ ಒಂದೇ ಕ್ಲಾಸಿನಲ್ಲಿ ಒಟ್ಟಿಗೆ ಓದಿ ಒಟ್ಟಿಗೆ ಫೇಲಾದವರು. ಸೈಕಲ್ಲಿನಲ್ಲಿ ಡಬಲ್ ರೈಡ್ ಹೋಗಿ ಸಿರಾದಲ್ಲಿ ಸಿನಿಮಾ ನೋಡಿ ಬರುತ್ತಿದ್ದರು. ಸಂಕ್ರಾಂತಿಗೆ ಒಂದು ವಾರ ಇರುವಾಗ ಇಬ್ಬರಿಗೂ ಮಾತು ನಿಲ್ಲುತ್ತಿತ್ತು, ಆಟ ಮುಗಿದ ಮರುದಿನ ಶುರುವಾಗುತ್ತಿತ್ತು. ಎರಡು ಬೀದಿಯ ಚೆಂಡುಗಳನ್ನೂ ಹೊಲಿಯುತ್ತಿದ್ದವರು ಸಿರಾ ರಸ್ತೆಯ ಜಬ್ಬಾರ್ ಸಾಬರು. ಅವರ ಗುಡಿಸಲು ಎರಡೂ ಬೀದಿಗೆ ಸೇರದ ಕಡೆಯಲ್ಲಿತ್ತು. ಒಂದು ಅರ್ಧ ನಮ್ಮ ಚೆಂಡಿನಲ್ಲಿ, ಇನ್ನೊಂದು ಅರ್ಧ ಅವರದರಲ್ಲಿ ಆಡುವುದು ರೂಢಿ. ಆ ವರ್ಷ ಚೆಂಡು ತಂದು ಕೊಟ್ಟಾಗ ಅಜ್ಜಿ ಅದನ್ನು ಕಿವಿಗೆ ಹಿಡಿದು, "ಗಾಳಿ ಸರ್ಯಾಗಿ ಐತೇನಪ್ಪ ಸಾಬ್ರೇ? ಕೋಟೆ ಸೊಸೆ ಮನೇಲವ್ಳೆ, ಇಳ್ದ್ಗಿಳ್ದ್‌ಬುಟ್ಟಾತು" ಅಂದಳು.

"ಅರೆ ಅಮ್ಮಾ, ಗಾಳಿಗೆ ಯಾವ ಬೀದಿ? ಎರಡಕ್ಕೂ ಒಂದೇ ಪಂಪಲ್ಲಿ ಹೊಡ್ದಿರೋದು."

"ಸುಮ್ಕಿರಿ, ನಿಮಗೆ ಇದೆಲ್ಲಾ ಗೊತ್ತಾಗಕಿಲ್ಲ."

ಅಡುಗೆಮನೆಯಿಂದ ಅಮ್ಮ, "ಹೂಂ ಸಾಬ್ರೇ, ನಾನು ಉಸ್ರು ಬಿಗಿ ಹಿಡ್ಕಂಡೇ ಅಡಿಗೆ ಮಾಡ್ತಿವ್ನಿ, ಎದ್ರುಕಬ್ಯಾಡಿ ಅನ್ನಿ" ಅಂದಳು. ಜಬ್ಬಾರ್ ಸಾಬರು ಬಾಯಿಗೆ ಟವೆಲ್ಲು ಅಡ್ಡ ಹಿಡಿದು ನಕ್ಕರು. ಅಜ್ಜಿಯೂ ನಕ್ಕಳೆಂದು ನನ್ನ ನೆನಪು. ಅಜ್ಜಿಯನ್ನು ಆಮೇಲೆ ಬಹಳ ವರ್ಷ ದ್ವೇಷಿಸಿದ್ದೇನೆ, ಆದ್ದರಿಂದ ಈ ನಗುವನ್ನು ನಂಬಬಹುದು ಅನ್ನಿಸುತ್ತದೆ. ನಾನಾಗಿಯೇ ಅವಳಿಗೆ ಕೊಡುವಂಥದಲ್ಲ ಅದು.

ಮಕ್ಕಳ ವಿಚಾರಕ್ಕೂ ಒಂದು ಕಟ್ಟಳೆ ಇತ್ತು. ಹಾಲುಹಲ್ಲು ಇರುವವರೆಗೆ ಮಗು ತಾಯಿಯ ಜೊತೆ ತವರಿಗೆ ಹೋಗಬಹುದು. ಹಾಲುಹಲ್ಲು ಉದುರಿ ಮುಗಿದ ಮೇಲೆ ಅದು ಅಪ್ಪನ ಬೀದಿಯದು. ಅಲ್ಲಿಯವರೆಗೆ ನಾನು ಪ್ರತಿ ವರ್ಷ ಅಮ್ಮನ ಸೆರಗು ಹಿಡಿದು ಹೋಗಿ, ಕೋಟೆಬೀದಿಯ ಛತ್ರದ ಮಾಳಿಗೆಯ ಮೇಲೆ ಕೂತು ಹಳದಿಗಾಗಿ ಕೂಗಿದವಳು. ಬಸಣ್ಣಮಾವ ಆಟಕ್ಕೆ ಮುಂಚೆ ಕೆಳಗಿನಿಂದ ನನ್ನತ್ತ ನಿಂಬೆಹಣ್ಣು ಎಸೆಯುತ್ತಿದ್ದ, ನಾನು ವಾಪಸು ಎಸೆಯುತ್ತಿದ್ದೆ, ಎಷ್ಟು ವಾರೆಯಾಗಿ ಎಸೆದರೂ ಹಿಡಿಯುತ್ತಿದ್ದ. ಆ ವರ್ಷ ನನ್ನ ಕೊನೆಯ ಹಾಲುಹಲ್ಲು ಅಲ್ಲಾಡುತ್ತಿತ್ತು. ಅಮ್ಮ ದಿನಾ ಅದನ್ನು ಮುಟ್ಟಿ ನೋಡಿ, "ಸಂಕ್ರಾಂತಿವರ್ಗೂ ತಡಿ ಕಣೇ" ಅನ್ನುತ್ತಿದ್ದಳು. ನನಗೋ ಬೇರೆ ಆಸೆ. ಹೊಸದಾಗಿ ಬೀದಿಗೆ ಸೇರಿದ ಮಗುವಿಗೆ ಆ ವರ್ಷ ಮಾಳಿಗೆಯ ಮೇಲೆ ಮೊದಲ ಕೊಡ ಕೊಡುತ್ತಿದ್ದರು. ಹಬ್ಬದ ಹಿಂದಿನ ದಿನ ನಾನೇ ಬಾಗಿಲ ಸಂದಿಗೆ ಹೋಗಿ ನಾಲಗೆಯಿಂದ ತಿವಿದು ತಿವಿದು ಹಲ್ಲು ಕಿತ್ತುಕೊಂಡೆ. ಅಜ್ಜಿಯ ಕೈಯಲ್ಲಿಟ್ಟೆ. "ಬಂದ್ಳು ನೋಡ್ರೇ ನಮ್ಮ ಕಡೀಕೆ!" ಎಂದು ಅಜ್ಜಿ ಬೀದಿಗೆಲ್ಲ ಕೇಳುವಂತೆ ಕೂಗಿದಳು. ಅಮ್ಮ ನನ್ನ ಬಾಯಿ ತೊಳೆಸಿ, ರಕ್ತ ನಿಂತಿತೇ ಎಂದು ನೋಡಿದಳು. ಮೂರನೆಯ ದಿನ ಬೆಳಿಗ್ಗೆ ತಂಬಿಗೆ ಹಿಡಿದು ಹೊಸಿಲು ದಾಟುವಾಗ ಪಕ್ಕದ ಮನೆಯಾಕೆ, "ಏನ್ ಶಾರ್ದಮ್ಮ, ಗೂಢಚಾರಿ ಒಬ್ಳೇ ಹೊಂಟ್ಳಾ?" ಎಂದಳು. "ಹೂಂ ಕಣಕ್ಕ, ನಿಮ್ಮ ಚೆಂಡಿನ ಗಾಳಿನೆಲ್ಲಾ ಸೆರಗಲ್ಲಿ ಕಟ್ಕಂಡ್ ಹೊಂಟೆ" ಎಂದು ಅಮ್ಮ ಸೆರಗು ಒದರಿ ತೋರಿಸಿದಳು. ಎಲ್ಲರೂ ನಕ್ಕರು. ತಿರುವಿನಲ್ಲಿ ಒಮ್ಮೆ ಹಿಂತಿರುಗಿ ನೋಡಿದಳು. ನಾನು ಕೈ ಬೀಸಿದೆನೋ ಇಲ್ಲವೋ ತಿಳಿಯದು. ಈ ಬರಹ ಬೀಸಿದೆ ಅನ್ನಲು ಒತ್ತಾಯಿಸುತ್ತಿದೆ, ನಾನು ಅನ್ನುವುದಿಲ್ಲ.

ಕೊಡದ ವಿಷಯ ಹೇಳಬೇಕು, ಎಲ್ಲವೂ ಅದರ ಮೇಲೆ ನಿಂತಿದೆ. ಗೋಲಿಗೆ ಎರಡು ಬೊಂಬು ಬಿಟ್ಟರೆ ಬಲೆ ಇರಲಿಲ್ಲ. ಚೆಂಡು ಬೊಂಬುಗಳ ಒಳಗೆ ಹೋಯಿತೋ ಹೊರಗೆ ಹೋಯಿತೋ ಎಂದು ಹಿಂದೆ ತಲೆಗಳು ಒಡೆದಿದ್ದವಂತೆ. ಕೊನೆಗೆ ಹಿರಿಯರು ಕೂತು ಒಂದು ಮಾತಿಗೆ ಬಂದರು: ಮೇಲೆ ಕೂತವರಿಗೆ ಸರಿಯಾಗಿ ಕಾಣುತ್ತದೆ, ಮಾಳಿಗೆಯ ಹೆಂಗಸರು ಹೇಳಲಿ. ಗೋಲಾದರೆ ನಮ್ಮವರು ಮೇಲಿಂದ ನೀಲಿ ನೀರು ಸುರಿಯಬೇಕು, ಅವರು ಅರಿಶಿನದ ನೀರು. ಬಣ್ಣ ಬಿದ್ದ ಮೇಲೆ ಗೋಲು, ಮರುಮಾತಿಲ್ಲ. ಸುಳ್ಳು ಬಣ್ಣ ಸುರಿದ ಮನೆಯಿಂದ ಹೆಣ್ಣು ತರುವವರಿಲ್ಲ, ಆ ಮನೆಗೆ ಕೊಡುವವರೂ ಇಲ್ಲ. ಈ ಹೆದರಿಕೆಯಿಂದ ಕಟ್ಟಳೆ ನಡೆದುಕೊಂಡು ಬಂದಿತ್ತು. ರೆಫ್ರಿ ಪ್ರತಿ ವರ್ಷ ಕೊರಟಗೆರೆಯಿಂದ ಬರುವ ಡ್ರಿಲ್ ಮೇಷ್ಟ್ರು, ಯಾಕೆಂದರೆ ಕೊರಟಗೆರೆಯವರಿಗೆ ಇದರಲ್ಲಿ ಏನೂ ಆಗಬೇಕಾದ್ದಿರಲಿಲ್ಲ. ಅವರೂ ಗೋಲಿನ ವಿಷಯಕ್ಕೆ ಮಾಳಿಗೆಯ ಕಡೆಯೇ ನೋಡುತ್ತಿದ್ದರು. ಎರಡನೆಯ ಅರ್ಧದಲ್ಲಿ ಪ್ರತಿ ತಂಡವೂ ತನ್ನ ಹೆಂಗಸರ ಕಣ್ಣ ಕೆಳಗಿನ ಗೋಲಿಗೆ ನುಗ್ಗಬೇಕು. ಹಾಗಾಗಿ ಎರಡನೆಯ ಅರ್ಧ ಶುರುವಾದಾಗ ಬಸಣ್ಣಮಾವ ನಮ್ಮ ಗೋದಾಮಿನ ಗೋಡೆಯ ಬುಡಕ್ಕೆ ಬಂದು ನಿಂತ. ನನ್ನ ಕಾಲಿನ ನೇರ ಕೆಳಗೆ. ಮೇಲೆ ನೋಡಿ ಹುಬ್ಬು ಹಾರಿಸಿದ. "ಏನಮ್ಮಿ, ಪಾರ್ಟಿ ಚೇಂಜಾ?" ಎಂದ. ನಾನು ಮುಖ ಆಚೆ ತಿರುಗಿಸಿದೆ. ನನ್ನ ಮುಂದೆ ನೀಲಿ ತುಂಬಿದ ಮಣ್ಣಿನ ಕೊಡ ಇತ್ತು.

ನೋಡುವುದು ಅಂದರೆ ಏನೆಂದು ಗೊತ್ತಾದದ್ದು ಆ ಸಂಜೆ. ನಮ್ಮ ಪೇಟೆಯವರೆಲ್ಲ ಗೋದಾಮಿನ ಕೆಳಗೂ ಮೇಲೂ ಒತ್ತಿಕೊಂಡು ನಿಂತಿದ್ದರು. ಅಪ್ಪ ಮನೆಯಲ್ಲಿ ದಿನಕ್ಕೆ ಹತ್ತು ಮಾತು ಆಡದವರು, ಅಲ್ಲಿ ಕತ್ತಿನ ನರ ಉಬ್ಬಿಸಿಕೊಂಡು, "ಒದಿಯೋ ರುದ್ರ, ಒದಿಯೋ! ಏನ್ಲಾ, ಕಾಲಿಗೆ ಮೆಹಂದಿ ಹಾಕ್ಕಂಡಿದೀಯೇನ್ಲಾ?" ಎಂದು ಕೂಗುತ್ತಿದ್ದರು. ಚೆಂಡು ಚಿಕ್ಕಪ್ಪನ ಕಾಲಿಗೆ ಬಂದಾಗ ನೂರಾರು ಜನರ ಉಸಿರು ಒಟ್ಟಿಗೆ ಒಳಕ್ಕೆ ಹೋಗುತ್ತಿತ್ತು, ತಪ್ಪಿದಾಗ ಒಟ್ಟಿಗೆ ಹೊರಕ್ಕೆ. ನನ್ನ ಉಸಿರು ಬೇರೆಯಾಗಿ ಇರಲಿಲ್ಲ. ಅಷ್ಟು ಸುಖ ನನಗೆ ಆಮೇಲೆ ಬದುಕಿನಲ್ಲಿ ಸಿಕ್ಕಿಲ್ಲ. ಬಚ್ಚಿಡದೆ ಹೇಳಬೇಕಾದ ಮಾತು ಇದು: ಆಮೇಲೆ ಏನಾಯಿತೆಂದು ಗೊತ್ತಿದ್ದೂ ಆ ಸುಖ ಸುಖವಾಗಿಯೇ ಉಳಿದಿದೆ. ಬೆಟ್ಟದ ನೆರಳು ಬಯಲಿನ ಅರ್ಧಕ್ಕೆ ಬಂದಿತ್ತು. ಆಟ ಮುಗಿಯಲು ಸ್ವಲ್ಪವೇ ಹೊತ್ತು, ಎರಡೂ ಕಡೆ ಬಣ್ಣ ಬಿದ್ದಿರಲಿಲ್ಲ. ಎಡಗಡೆಯಿಂದ ಚೆಂಡು ಬಂತು. ಚಿಕ್ಕಪ್ಪ ಬಿಸಿಲಿನಿಂದ ನೆರಳಿನೊಳಕ್ಕೆ ಓಡಿ ಬಂದ. ಬಸಣ್ಣಮಾವ ಮುಂದಕ್ಕೆ ನುಗ್ಗಿ ನೆಲಕ್ಕೆ ಬಿದ್ದ. ಚಿಕ್ಕಪ್ಪನ ಎಡಗಾಲು ಬೀಸಿತು. ಒಂದು ಸದ್ದಾಯಿತು. ಚೆಂಡು ಉರುಳಿಕೊಂಡು ಎರಡು ಬೊಂಬುಗಳ ನಡುವೆ ಹೋಗಿ ಗೋಡೆಗೆ ತಾಗಿ ನಿಂತಿತು. ಸೀಟಿ ಊದಿತು.

ನಾನು ಕೊಡ ಉರುಳಿಸಿದೆ. ನನ್ನ ಕೊಡ ಉರುಳಿದ್ದನ್ನು ನೋಡಿ ಎಲ್ಲರೂ ಸುರಿದರು. ಗೋದಾಮಿನ ಗೋಡೆ, ಕೆಳಗಿನ ತಲೆಗಳು, ನನ್ನ ಲಂಗ, ಎಲ್ಲ ನೀಲಿ. ನಾನು ಎರಡೂ ಕೈ ಮೇಲೆತ್ತಿ ಕುಣಿದೆ. ಎಷ್ಟು ಹೊತ್ತು ಕುಣಿದೆವೆಂದು ಈಗ ಲೆಕ್ಕ ಹಾಕಿದರೆ ಒಮ್ಮೆ ಅರ್ಧ ನಿಮಿಷ ಅನ್ನಿಸುತ್ತದೆ, ಒಮ್ಮೆ ಕಾಲು ಗಂಟೆ. ಕೆಳಗೆ ಬಸಣ್ಣಮಾವ ಮಗ್ಗುಲಾಗಿ ಮಲಗಿದ್ದ. ಅವನ ಹಳದಿ ಬನಿಯನ್ನಿನ ಮೇಲೆ ನೀಲಿ ಬಿದ್ದು ಹಸಿರಾಗುತ್ತಿತ್ತು. ಮೇಷ್ಟ್ರು ಊದಿದ್ದು ಗೋಲಿಗಲ್ಲ, ಆಟ ನಿಲ್ಲಿಸಲು. ಅವರು ಸೀಟಿ ಬಾಯಲ್ಲಿಟ್ಟುಕೊಂಡು ಮೇಲೆ ನೋಡಿದರು, ನೀಲಿ ನೋಡಿದರು, ಕೈ ಏನು ಮಾಡಬೇಕೆಂದು ತಿಳಿಯದೆ ನಿಂತರು, ಕೊನೆಗೆ ಬಯಲಿನ ನಡುವಿಗೆ ಕೈ ತೋರಿಸಿದರು. ಗೋಲು. ಬಣ್ಣ ಬಿದ್ದಿತ್ತಲ್ಲ. ಆಮೇಲೆ ಯಾರೋ ಛತ್ರದ ಬಾಗಿಲಿನ ಒಂದು ಕದ ಕಿತ್ತು ತಂದರು, ಮಾವನನ್ನು ಅದರ ಮೇಲೆ ಮಲಗಿಸಿದರು. ಹೊತ್ತವರಲ್ಲಿ ಚಿಕ್ಕಪ್ಪನೂ ಇದ್ದ, ಅವನನ್ನು ಯಾರೋ ತಳ್ಳಿದರು. ಆಗ ನಾನು ಬಯಲಿನಾಚೆ ನೋಡಿದೆ. ಛತ್ರದ ಮಾಳಿಗೆಯ ಅಂಚಿನಲ್ಲಿ ಅಮ್ಮ ನಿಂತಿದ್ದಳು. ಅಷ್ಟು ದೂರದಿಂದ ಮುಖ ಕಾಣುವುದಿಲ್ಲ. ಆದರೆ ಅವಳು ಕದದ ಕಡೆ ನೋಡುತ್ತಿರಲಿಲ್ಲ, ನನ್ನ ಕಡೆ ನೋಡುತ್ತಿದ್ದಳು. ನನ್ನ ಕೈಗಳು ಆಗಲೂ ಮೇಲೇ ಇದ್ದವೇ ಎಂದು ಅವಳನ್ನು ಕೇಳಬೇಕೆಂದುಕೊಂಡು ನಲವತ್ತು ವರ್ಷ ಕಳೆದೆ.

ಮರುದಿನ ಅವಳು ಬರಲಿಲ್ಲ. ಬರುವ ಹಾಗೂ ಇರಲಿಲ್ಲ, ಮಾವನನ್ನು ಬೆಂಗಳೂರಿಗೆ ಕರೆದುಕೊಂಡು ಹೋಗಿದ್ದರು. ಜೀವಕ್ಕೆ ಅಪಾಯವಿಲ್ಲ, ಮಿದುಳಿಗೆ ಪೆಟ್ಟು ಎಂದು ಸುದ್ದಿ ಬಂತು. ಐದನೆಯ ದಿನಕ್ಕೆ ಎರಡೂ ಬೀದಿಯ ಹಿರಿಯರು ಶಾಲೆಯ ಜಗಲಿಯಲ್ಲಿ ಸೇರಿದರು. ಅಮ್ಮನ ಕಡೆಯಿಂದ ಬಂದ ಮಾತು ಚಿಕ್ಕದು: ಚೆಂಡು ಬಸಣ್ಣನ ತೋಳಿನೊಳಗೆ ಇತ್ತು, ರುದ್ರೇಶ ಒದ್ದದ್ದು ಚೆಂಡನ್ನಲ್ಲ. ಅದನ್ನು ಒಪ್ಪಿ ರುದ್ರೇಶ ಕೋಟೆಬೀದಿಯ ಹೊಸಿಲಿಗೆ ಬಂದು ತಪ್ಪಾಯಿತು ಅನ್ನಲಿ, ಗೋಲು ವಾಪಸಾಗಲಿ, ನಾನು ಅವತ್ತೇ ಗಂಡನ ಮನೆಗೆ ಬರುತ್ತೇನೆ. ನಮ್ಮವರ ಮಾತು: ಚೆಂಡು ಕೈಬಿಟ್ಟಿತ್ತು, ಆಟದಲ್ಲಿ ಆದದ್ದು, ನೀಲಿ ಬಿದ್ದಿದೆ. ಹತ್ತಿರದಿಂದ, ನೇರ ಮೇಲಿನಿಂದ ನೋಡಿದವಳು ನಾನು. ಮೊದಲು ಸುರಿದವಳೂ ನಾನು. ಮಗು ಸುಳ್ಳು ಹೇಳುವುದಿಲ್ಲ, ಅವಳನ್ನೇ ಕೇಳೋಣ ಎಂದು ಕೋಟೆಯವರೇ ಅಂದರಂತೆ. ಆ ಬೆಳಿಗ್ಗೆ ಅಜ್ಜಿ ನನ್ನ ತಲೆಗೆ ಎಣ್ಣೆ ಹಚ್ಚಿದಳು. ಚೆಂಡಿಗೆ ತಿಕ್ಕಿ ಉಳಿದಿದ್ದ ಹರಳೆಣ್ಣೆಯೇ. ಹೀಗೆ ಹೇಳು ಎಂದು ಅವಳು ನನಗೆ ಹೇಳಿಕೊಡಲಿಲ್ಲ. ಜಡೆ ಬಿಗಿಯುತ್ತ ಇಷ್ಟೇ ಅಂದಳು: "ಮೊದ್ಲು ಸುರ್ದೋಳು ನೀನು ಕಣಮ್ಮಿ. ಸುಳ್ ನೀಲಿ ಅಂತ ಆಗೋದ್ರೆ ನಾಳೆ ಈ ಮನೆ ಹೆಣ್ಣನ್ನ ಯಾರು ಕೇಳಾರು?"

ಶಾಲೆಯ ಜಗಲಿಯಲ್ಲಿ ಅಮ್ಮ ಕಂಬಕ್ಕೆ ಒರಗಿ ನಿಂತಿದ್ದಳು. ಐದು ದಿನಕ್ಕೆ ಅವಳು ಬೇರೆ ಯಾರೋ ಆಗಿದ್ದಳು. ನನಗೆ ಅವಳ ಹತ್ತಿರ ಓಡಬೇಕು ಅನ್ನಿಸಿತು. ಅಪ್ಪನ ಕೈ ನನ್ನ ಭುಜದ ಮೇಲಿತ್ತು, ಭಾರವಾಗಿ ಏನೂ ಇರಲಿಲ್ಲ. ಹಿರಿಯರೊಬ್ಬರು ಬಗ್ಗಿ ಕೇಳಿದರು, "ಹೆದ್ರುಕಬ್ಯಾಡ ತಾಯಿ. ನಿಮ್ಮ ಚಿಕ್ಕಪ್ಪ ಒದಿಯೋವಾಗ ಚೆಂಡು ಎಲ್ಲಿತ್ತು?" ನಾನು ಹೇಳಿದೆ: "ಬಿಟ್ಟಿತ್ತು." ಅದು ಸುಳ್ಳೇ? ಆ ಪ್ರಶ್ನೆಯನ್ನು ನಾನು ಎಲ್ಲ ಕಡೆಯಿಂದಲೂ ತಿರುಗಿಸಿ ನೋಡಿದ್ದೇನೆ. ಹೇಳುವಾಗ ನನ್ನ ಕಣ್ಣ ಮುಂದೆ ಚೆಂಡು ಸ್ಪಷ್ಟವಾಗಿ ಇತ್ತು, ಮಾವನ ಬೆರಳಿನಿಂದ ಒಂದು ಗೇಣು ದೂರದಲ್ಲಿ, ಕೆಂಪು ಮಣ್ಣಿನ ಮೇಲೆ, ಎಣ್ಣೆಯ ಹೊಳಪಿನೊಂದಿಗೆ. ಇವತ್ತಿಗೂ ಇದೆ. ಆದರೆ ಅದು ಇರುವುದು ಬಿಸಿಲಿನಲ್ಲಿ, ಹೊಳೆಯುತ್ತ. ಆ ಹೊತ್ತಿಗೆ ಅಲ್ಲಿ ಬೆಟ್ಟದ ನೆರಳು ಬಂದಾಗಿತ್ತು. ಅಮ್ಮ ನನ್ನ ಹತ್ತಿರ ಬಂದಳು. ನನ್ನ ಕಿವಿಯ ಹಿಂದೆ ಇನ್ನೂ ನೀಲಿ ಉಳಿದಿತ್ತೇನೋ, ಸೆರಗಿನ ತುದಿಯನ್ನು ನಾಲಗೆಗೆ ಮುಟ್ಟಿಸಿ ಅಲ್ಲಿ ಒರೆಸಿದಳು. ಎರಡು ಸಲ ಒರೆಸಿದಳು, ಹೋಗಲಿಲ್ಲ. ಬಿಟ್ಟು ಹೊರಟು ಹೋದಳು.

ಅವಳು ನಮ್ಮ ಮನೆಯ ಹೊಸಿಲನ್ನು ಮತ್ತೆ ತುಳಿಯಲಿಲ್ಲ. ಒಂದು ಬಯಲಿನ ಆಚೆ ಇದ್ದಳು, ಅಷ್ಟೆ. ನಾನು ಶಾಲೆಯಿಂದ ಬರುವಾಗ ದಾರಿಯಲ್ಲಿ ನಿಂತಿರುತ್ತಿದ್ದಳು, ಜಡೆ ಸರಿ ಮಾಡುತ್ತಿದ್ದಳು, ಕಜ್ಜಾಯ ಕೊಡುತ್ತಿದ್ದಳು, ಮಾರ್ಕ್ಸ್‌ಕಾರ್ಡ್ ನೋಡುತ್ತಿದ್ದಳು. ತಾಯಿ ಬಿಟ್ಟು ಹೋದಳು ಎಂದು ದೂರಲೂ ಆಗದಷ್ಟು ಹತ್ತಿರ, ಇದ್ದಾಳೆ ಅನ್ನಲೂ ಆಗದಷ್ಟು ದೂರ. ಅಪ್ಪ ಒಮ್ಮೆಯೂ ಕರೆಯಲು ಹೋಗಲಿಲ್ಲ, ಎರಡನೆಯ ಮದುವೆಯನ್ನೂ ಆಗಲಿಲ್ಲ. ಆಟವೇ ನಿಂತಿತು. ಜಬ್ಬಾರ್ ಸಾಬರು ಚೆಂಡು ಹೊಲಿಯುವುದನ್ನು ಬಿಟ್ಟು ಚಪ್ಪಲಿಗೆ ಇಳಿದರು. ಚಿಕ್ಕಪ್ಪ ಊರು ಬಿಟ್ಟು ಪಾವಗಡದ ಕಡೆ ಹೆಂಡತಿಯ ಹಳ್ಳಿಗೆ ಸೇರಿಕೊಂಡ. ಈಗ ಅಲ್ಲಿ ಅವನ ಹೊಲದ ತುಂಬ ಸೋಲಾರ್ ಹಲಗೆಗಳು. ಮೂರು ವರ್ಷದ ಹಿಂದೆ ಫೋನಿನಲ್ಲಿ ಕೇಳಿಯೇ ಬಿಟ್ಟೆ. "ನಂಗೆ ಅವತ್ತು ಚೆಂಡ್ ಬಿಟ್ರೆ ಏನೂ ಕಾಣ್ನಿಲ್ಲ ಗಿರ್ಜಿ. ಅವ್ನ ತಲೆ ಅಲ್ಲೈತೆ ಅಂತಾನೇ ಕಾಣ್ನಿಲ್ಲ" ಅಂದ. ನಂಬಿದೆ. ನಂಬಿದ್ದರಿಂದ ಏನೂ ಹಗುರವಾಗಲಿಲ್ಲ.

ಬಸಣ್ಣಮಾವ ಆಮೇಲೆ ಇಪ್ಪತ್ತಾರು ವರ್ಷ ಬದುಕಿದ್ದ. ಮಾತು ಹೋಗಿತ್ತು, ಜನ ಗುರುತು ಸಿಗುತ್ತಿರಲಿಲ್ಲ. ಜಗಲಿಯ ಮೇಲೆ ಗೋಡೆಗೆ ಒರಗಿಸಿ ಕೂರಿಸಿದರೆ ಸಂಜೆಯವರೆಗೂ ಹಾಗೇ ಕೂರುತ್ತಿದ್ದ. ಅಮ್ಮ ಉಣಿಸಿ, ತೊಳೆದು, ಬಟ್ಟೆ ಬದಲಿಸಿ ನೋಡಿಕೊಂಡಳು. ನಾನು ಕಾಲೇಜಿಗೆ ಸೇರಿದ ವರ್ಷ, ಯಾರನ್ನೂ ಕೇಳದೆ ಒಂದು ಮಧ್ಯಾಹ್ನ ಅಲ್ಲಿಗೆ ಹೋದೆ. ಅಂಗಳದಲ್ಲಿ ಒಂದು ನಿಂಬೆಹಣ್ಣು ಬಿದ್ದಿತ್ತು. ಏನು ತೋಚಿತೋ, ಎತ್ತಿ ಅವನತ್ತ ವಾರೆಯಾಗಿ ಎಸೆದೆ. ಅವನ ಕೈ ಹೋಗಿ ಹಿಡಿಯಿತು. ಹಿಡಿದು, ಎದೆಗೆ ಒತ್ತಿಕೊಂಡು, ಎರಡೂ ತೋಳು ಅದರ ಸುತ್ತ ಮುಚ್ಚಿ, ಮಂಡಿ ಮೇಲೆತ್ತಿ, ತಲೆಯನ್ನು ಅದರ ಮೇಲೆ ಬಗ್ಗಿಸಿ ಮುದುಡಿಕೊಂಡ. ಬಿಡಿಸಲು ನೋಡಿದೆ, ಆಗಲಿಲ್ಲ. ಆ ಭಂಗಿಯಲ್ಲಿ ತಲೆಯೇ ಎಲ್ಲಕ್ಕಿಂತ ಮುಂದಿತ್ತು. ಒಳಗೆ ಓಡಿ ಹೋಗಿ ರಾಗಿ ಬೀಸುತ್ತಿದ್ದ ಅಮ್ಮನ ಮುಂದೆ ನಿಂತು, "ಚೆಂಡು ಕೈಯಲ್ಲೇ ಇತ್ತಮ್ಮ" ಅಂದೆ.

ಅವಳು ಬೀಸುವುದನ್ನು ನಿಲ್ಲಿಸಲಿಲ್ಲ. "ಗೊತ್ತು ಕಣೇ."

"ನಾನು ಸುಳ್ಳು ಹೇಳ್ದೆ ಅಂತ ನೀನು ಬರ್ಲಿಲ್ಲ."

"ಸುಳ್ಳು ಹೇಳಿದ್ರೆ ಬಂದ್ಬುಡ್ತಿದ್ದೆ. ಮಗಾ ಹೆದ್ರಿ ಹೇಳ್ತು ಅಂತ ಬಂದ್ಬುಡ್ತಿದ್ದೆ." ಕಲ್ಲಿನ ಬಾಯಿಗೆ ಇನ್ನೊಂದು ಹಿಡಿ ರಾಗಿ ಹಾಕಿದಳು. "ನಿಂಗೆ ಹಂಗೇ ಕಾಣ್ತಲ್ಲ ಗಿರ್ಜಿ. ನಿನ್ ಕಣ್ಣಲ್ಲಿ ನೋಡ್ದೆ ನಾನು, ನಿಂಗೆ ಹಂಗೇ ಕಂಡಿತ್ತು. ಅದುಕ್ಕೆ ಬರಾಕಾಗ್ನಿಲ್ಲ."

ಹೋದ ತಿಂಗಳು ಮಧುಗಿರಿಗೆ ಹೋಗಿದ್ದೆ. ಬಯಲಿನಲ್ಲಿ ಈಗ ಕಾಂಪ್ಲೆಕ್ಸು, ಗೋದಾಮಿನ ಜಾಗದಲ್ಲಿ ಮೊಬೈಲ್ ಅಂಗಡಿ. ಅದರ ಮುಂದೆ ನಾಲ್ಕಾರು ಹುಡುಗರು ಯಾವುದೋ ದೇಶದ ಕ್ಲಬ್ಬಿನ ಅಂಗಿ ತೊಟ್ಟು ಫೋನಿಗೆ ತಲೆ ಕೊಟ್ಟು ನಿಂತಿದ್ದರು. ಒಬ್ಬ ಚಪ್ಪಾಳೆ ತಟ್ಟಿ, "ಹೊಡೆದ್ವಿ ಕಣ್ಲಾ, ನಾವ್ ಹೊಡೆದ್ವಿ!" ಎಂದು ಕುಣಿದ. ಸಮುದ್ರಗಳಾಚೆ ಯಾರೋ ಒದ್ದ ಚೆಂಡಿಗೆ 'ನಾವು' ಅನ್ನುವುದನ್ನು ಕೇಳಿ ನಗಬಹುದಿತ್ತು. ನನ್ನ ಉಸಿರು ಮಾತ್ರ ಅವರ ಜೊತೆ ಒಳಕ್ಕೆ ಹೋಯಿತು. ನಾನು ಹೋದದ್ದು ಅಮ್ಮನ ತವರುಮನೆ ಕೆಡವುತ್ತಾರೆಂದು, ಅವಳ ಸಾಮಾನು ಏನಾದರೂ ಬೇಕಿದ್ದರೆ ನೋಡಿಕೋ ಎಂದು ಅಲ್ಲಿಯವರು ಹೇಳಿ ಕಳಿಸಿದ್ದರಿಂದ. ಅವಳು ಹೋಗಿ ಎರಡು ವರ್ಷವಾಗಿತ್ತು. ಅಟ್ಟದ ಮೇಲೆ, ಹಳೆಯ ಸೀರೆಯ ತುಂಡಿನಲ್ಲಿ ಬಾಯಿ ಕಟ್ಟಿದ ಒಂದು ಹಿತ್ತಾಳೆ ತಂಬಿಗೆ ಇತ್ತು. ಕಂಠದ ಮೇಲೆ ಸಂತೆಪೇಟೆಯ ನಮ್ಮಜ್ಜನ ಹೆಸರಿನ ಅಕ್ಷರಗಳು. ಬಿಚ್ಚಿದೆ. ಒಳಗೆ ಹುಣಸೆಹಣ್ಣು, ಕಪ್ಪಾಗಿ, ಕಲ್ಲಾಗಿ, ಅಂಚಿಗೆಲ್ಲ ಉಪ್ಪು ಹರಳುಗಟ್ಟಿ.

ಶಾಲೆಯ ಜಗಲಿಗೆ ಬರುವ ಬೆಳಿಗ್ಗೆ ಅವಳು ಅದನ್ನು ತುಂಬಿಟ್ಟು ಬಂದಳೇ, ಸೋಲು ಒಪ್ಪಿ ಮಧ್ಯಾಹ್ನ ಹಿಡಿದುಕೊಂಡು ನಮ್ಮ ಮನೆಗೆ ಬರಲೆಂದು? ಹಾಗೆಂದು ಬರೆದರೆ ಬರಹ ಚೆನ್ನಾಗಿ ಮುಗಿಯುತ್ತದೆ. ಆದರೆ ಕೋಟೆಬೀದಿಯಲ್ಲಿ ಹುಣಸೆಹಣ್ಣಿಗೆ ಉಪ್ಪು ಹಾಕಿ ಎತ್ತಿಡದ ಮನೆ ಯಾವುದಿದೆ? ಕೈಗೆ ಸಿಕ್ಕ ಪಾತ್ರೆಯಲ್ಲಿ ತುಂಬಿಟ್ಟು ಮರೆತಿರಬಹುದು. ನನಗೆ ತಿಳಿಯದು, ತಿಳಿಸುವವರೂ ಉಳಿದಿಲ್ಲ. ಅಟ್ಟದ ಏಣಿಯ ಮೇಲೆ ಕೂತು ಉಗುರಿನಿಂದ ಒಂದು ಚಿಟಿಕೆ ಕೆರೆದು ಬಾಯಿಗೆ ಹಾಕಿಕೊಂಡೆ. ಮುಖ ಕಿವುಚಬಾರದು. ಬಹಳ ಹೊತ್ತು ಹಿಡಿದೆ. ಆಮೇಲೆ ಆಗಲಿಲ್ಲ. ಎದುರಿಗೆ ಸೊಂಟಕ್ಕೆ ಕೈಯಿಟ್ಟು ನಿಂತು ನೋಡುವವರು ಯಾರೂ ಇರಲಿಲ್ಲ.